ಕರಿಗುಂಡು ಬೆಟ್ಟದಲ್ಲಿ ಆಂಜಿನಪ್ಪ ತೋರಿಸಿದ ಗೂಬೆ

ಹೋಳೂರಿನಲ್ಲಿ ನಮ್ಮ ಆಂಜಿನಪ್ಪನ ವಿಷಯ ಕೇಳಿದರೆ, ಕಣ್ಣು ಹೋಯ್ತು, ಅದಕ್ಕೇ ಹಕ್ಕಿ ತೋರಿಸೋಕೆ ಹೋಗೋದು ಬಿಟ್ಟ ಅಂತಾರೆ. ಹಾಗಲ್ಲ. ಕಣ್ಣು ಹೋದ ಮೇಲೂ ಅವನು ಎರಡು ಚಳಿಗಾಲ ಜನರನ್ನ ಕರೆದುಕೊಂಡು ತಿರುಗಿದ. ಬಿಟ್ಟಿದ್ದಕ್ಕೆ ಕಾರಣ ಬೇರೆ ಇದೆ. ನಾನು ಅವನ ಅಕ್ಕ. ನಮ್ಮ ಯಜಮಾನರು ಹೋದ ಮೇಲೆ ತಮ್ಮನ ಮನೆಯಲ್ಲೇ ಇದ್ದೀನಿ. ಅವನು ಕೊನೇ ಸಲ ಹೋದಾಗ ಆ ವ್ಯಾನಿನಲ್ಲಿ ನಾನೂ ಇದ್ದೆ.

ನಮ್ಮಪ್ಪ ಗೌಜಲಕ್ಕಿ ಹಿಡಿಯೋನು. ಸಾಕಿದ ಒಂದು ಗೌಜಲಕ್ಕಿಯನ್ನ ಪಂಜರದಲ್ಲಿಟ್ಟು ಕುರುಚಲು ಕಾಡಿಗೆ ಹೊತ್ತುಕೊಂಡು ಹೋಗಿ, ಸುತ್ತ ಉರುಲು ನೆಟ್ಟು, ತಾನು ಪೊದೆ ಹಿಂದೆ ಕೂರೋನು. ಪಂಜರದ್ದು ಕೂಗಿದರೆ ಕಾಡಿನ ಹುಂಜ, ಯಾವನವನು ನನ್ನ ಜಾಗಕ್ಕೆ ಬಂದೋನು ಅಂತ ಜಗಳಕ್ಕೆ ಓಡಿ ಬಂದು ಉರುಲಿಗೆ ಬೀಳೋದು. ಪಂಜರದ ಹಕ್ಕಿಗೆ ದೀಮ ಅನ್ನೋರು. ಆಂಜಿನಪ್ಪ ದೊಡ್ಡವನಾಗಿದ್ದು ಆ ಪೊದೆ ಹಿಂದೇನೇ. ಅಲ್ಲಿ ಕೂತವನಿಗೆ ಕಣ್ಣಿಗೆ ಎಲೆ ಬಿಟ್ಟರೆ ಏನೂ ಕಾಣೋದಿಲ್ಲ. ಹಕ್ಕಿ ಎಷ್ಟು ದೂರ, ಯಾವ ಕಡೆ, ನಿಂತಿದೆಯೋ ನಡೀತಿದೆಯೋ, ಎಲ್ಲ ಕಿವಿಯಲ್ಲೇ ತಿಳೀಬೇಕು. ಒಂದು ಸಲ ದೀಮ ಸತ್ತುಹೋಯ್ತು. ಆವತ್ತು ಇವನೇ ಬಾಯಲ್ಲಿ ಕೂಗಿ ಹಕ್ಕಿ ಕರೆದ. ಅಪ್ಪ ಹೆಮ್ಮೆಯಿಂದ, ಇನ್ನು ಪಂಜರ ಹೊರೋ ಕೆಲಸ ತಪ್ಪಿತು ಅಂದಿದ್ದ.

ಆಮೇಲೆ ಕಾನೂನು ಬಿಗಿಯಾಯ್ತು, ಅಪ್ಪನೂ ಹೋದ. ಆಂಜಿನಪ್ಪ ಶ್ರೀನಿವಾಸಪುರದ ಕಡೆ ಮಾವಿನ ತೋಪು ಕಾಯೋಕೆ ಸೇರಿದ. ಕಾಯಿ ಬಲಿಯೋ ಕಾಲದಲ್ಲಿ ಗಿಣಿ ಹಿಂಡು ಬೀಳುತ್ತೆ. ತಗಡು ಬಡಿಯೋದು, ಕವಣೆ ಬೀಸೋದು, ಗಂಟಲು ಹರಿಯೋ ಹಾಗೆ ಕೂಗೋದು ಅವನ ಕೆಲಸ. ಸುಬ್ರಹ್ಮಣ್ಯ ಅವನನ್ನ ಕಂಡಿದ್ದು ಅಲ್ಲೇ. ಮುಳಬಾಗಿಲಿನವರು, ಊರಿನ ಅಂಗಡಿಗಳ ಲೆಕ್ಕ ನೋಡೋರು, ರಜಾ ದಿನ ಕೊರಳಿಗೆ ದುರ್ಬೀನು ಹಾಕಿಕೊಂಡು ಹಕ್ಕಿ ಹಿಂದೆ ಅಲೆಯೋರು. ಒಂದು ಹಕ್ಕಿಯ ಕೂಗು ಕೇಳಿ ಅದು ಎಲ್ಲಿದೆ ಅಂತ ಹುಡುಕ್ತಾ ತೋಪಿನೊಳಗೆ ಬಂದಿದ್ದರು. ಇವನು ತಗಡು ಬಡಿಯೋದು ನಿಲ್ಲಿಸಿ, ಆ ಮೂರನೇ ಮರದ ಬುಡದಲ್ಲಿ, ತರಗೆಲೆ ಕೆದಕ್ತಾ ಐತೆ ನೋಡಿ ಅಂದ. ಇತ್ತು. ಅದು ನವರಂಗ. ಅವರಿಗೆ ಅಷ್ಟು ಸಂತೋಷ ಆಯ್ತಂತೆ. ಅವತ್ತಿಂದ ಪ್ರತಿ ಚಳಿಗಾಲ ಅವರು ತಮ್ಮ ಕಡೆಯವರನ್ನ ಕರೆದುಕೊಂಡು ಬರೋದು, ಇವನು ಮುಂದೆ ನಡೆಯೋದು. ಬೆಳಿಗ್ಗೆ ಹೋಳೂರಿನ ಕೆರೆ, ಆಮೇಲೆ ಶ್ರೀನಿವಾಸಪುರದ ತೋಪು, ಮುಳಬಾಗಿಲ ಹತ್ತಿರದ ಕುರುಚಲು ಕಾಡು, ಕೊನೆಗೆ ಆವನಿ ದಾಟಿದ ಮೇಲೆ ಕರಿಗುಂಡು ಬೆಟ್ಟ. ಅದೇ ದಾರಿ, ಅದೇ ಕ್ರಮ.

ನಮ್ಮೂರಲ್ಲಿ ಅವನನ್ನ ಮೊದಮೊದಲು ಆಡಿಕೊಂಡು ನಗೋರು. ಏನ್ಲಾ ಆಂಜಿನಿ, ನಿಮ್ಮಪ್ಪ ಹಿಡಿದು ತಿನ್ನಿಸ್ದ, ನೀನು ಬರೀ ನೋಡಿ ಹೊಟ್ಟೆ ತುಂಬಿಸ್ತೀಯಾ ಅನ್ನೋರು. ಅವನೂ ನಗ್ತಿದ್ದ. ಆ ಚಳಿಗಾಲದ ತಿರುಗಾಟ ಅಂದರೆ ಅವನಿಗೆ ಜೀವ. ಉಳಿದ ದಿನ ಅವನು ತೋಪಿನ ಕಾವಲುಗಾರ. ಆ ದಿನ ಮಾತ್ರ ಓದಿದ ಜನ ಅವನ ಹಿಂದೆ ಸದ್ದಿಲ್ಲದೆ ನಡೆಯೋರು, ಅವನು ಕೈ ಎತ್ತಿದರೆ ನಿಲ್ಲೋರು.

ಕಣ್ಣು ಒಮ್ಮೆಲೇ ಹೋಗಲಿಲ್ಲ. ಅಂಚಿನಿಂದ ಹೋಗ್ತಾ ಬಂತು. ಪೈಪಿನೊಳಗಿಂದ ನೋಡಿದ ಹಾಗೆ ಅನ್ನೋನು, ಆಮೇಲೆ ಆ ಪೈಪಿನೊಳಗೂ ಹೊಗೆ ತುಂಬಿತು ಅಂದ. ಕೋಲಾರದಲ್ಲಿ ಕಣ್ಣಿನ ಡಾಕ್ಟರು ಕಣ್ಣಿನ ಒತ್ತಡ ಅಂದರು, ಹೋದದ್ದು ಬರೋದಿಲ್ಲ, ಬೇಗ ಬಂದಿದ್ದರೆ ಉಳಿದದ್ದನ್ನ ಉಳಿಸಬಹುದಿತ್ತು ಅಂದರು. ತೋಪಿನ ಕೆಲಸ ಬಿಟ್ಟ. ಅದಕ್ಕೆ ಅವನು ಅಳಲಿಲ್ಲ. ಆದರೆ ಸುಬ್ರಹ್ಮಣ್ಯರಿಗೆ ತಿಳಿಸಬಾರದು ಅಂತ ನನ್ನ ಕೈಯಲ್ಲೂ ಹೆಂಡತಿ ಕೈಯಲ್ಲೂ ಮಾತು ತಗೊಂಡ. ತಿಳಿದರೆ ನನ್ನ ಮೂಲೇಲಿ ಕೂರಿಸಿ ಹಾಲು ಹಣ್ಣು ಕೊಟ್ಟು ಹೋಗ್ತಾರೆ, ನನಗೆ ಅದು ಬೇಡ, ಕಿವಿ ಇರೋವರೆಗೂ ನಾನು ಹಕ್ಕಿ ತೋರಿಸ್ತೀನಿ ಅಂದ.

ಅದಕ್ಕೆ ಅವನ ಹೆಂಡತಿ ಶಾಮಲಮ್ಮ ಒಂದು ಉಪಾಯ ಮಾಡಿದಳು. ಅವಳ ತೌರು ನಂಗಲಿ, ಮನೇಲೂ ಬಾಯಿಗೆ ತೆಲುಗೇ ಮೊದಲು ಬರೋದು, ನನ್ನನ್ನೂ ಅತ್ತಿಗೆ ಅನ್ನದೆ ವದಿನ ಅಂತಾಳೆ. ತಿರುಗಾಟದ ದಿನ ಬುತ್ತಿ ಹೊತ್ತುಕೊಂಡು ಅವಳೂ ಹೊರಟಳು. ಗಂಡನ ಪಕ್ಕದಲ್ಲೇ ನಡೀತಾ ದಾರಿಯುದ್ದಕ್ಕೂ ಗೊಣಗೋಳು. ಈ ವಯಸ್ಸಲ್ಲಿ ಈ ರಾಯಿ ಮೇಲೆಲ್ಲ ನಡೆಸ್ತೀಯಲ್ಲ ಅಂದರೆ ಮುಂದೆ ಕಲ್ಲಿದೆ ಅಂತ. ನನ್ನ ಗುಂತಕ್ಕೆ ಹಾಕೋವರೆಗೂ ಬಿಡೋನಲ್ಲ ನೀನು ಅಂದರೆ ಗುಂಡಿ ಇದೆ ಅಂತ. ಹೊಸದಾಗಿ ಬಂದವರು, ಪಾಪ ಆಂಜಿನಪ್ಪ, ಎಂಥ ಬಾಯಿಬಡುಕಿ ಹೆಂಡತಿ ಅಂತ ಮರುಗೋರು. ದಾರಿ ಅವಳದ್ದು, ಹಕ್ಕಿ ಇವನದ್ದು. ಕೂಗು ಬಂದ ಕಡೆ ಇವನು ಕೈ ತೋರಿಸೋನು. ಸುಬ್ರಹ್ಮಣ್ಯ ಕೊಟ್ಟಿದ್ದ ದುರ್ಬೀನು ಎಲ್ಲರ ಹಾಗೆ ತಾನೂ ಎತ್ತಿ ಕಣ್ಣಿಗೆ ಹಿಡಿಯೋನು. ಸಂಜೆ ಮನೆಗೆ ಬಂದು, ನೋಡಿದ್ರಾ ಅವರು ಅಂತ ಹೆಂಡತಿಯನ್ನ ಕೇಳೋನು. ಎಲ್ಲಾರೂ ದುರ್ಬೀನು ಎತ್ತಿದರು ಅನ್ನೋಳು ಅವಳು. ಅವಳಿಗೆ ಹಕ್ಕಿ ತಿಳೀದು, ಕಣ್ಣಲ್ಲಿ ಪೊರೆ ಬೇರೆ. ಜನ ಎತ್ತಿದ್ದು ಅವಳಿಗೆ ಕಾಣೋದು. ಅಷ್ಟು ಸಾಕಿತ್ತು ಅವನಿಗೆ. ಆ ರಾತ್ರಿ ಚೆನ್ನಾಗಿ ಊಟ ಮಾಡೋನು.

ಹೋದ ವರ್ಷದ ಹಿಂದಿನ ಪುಷ್ಯದಲ್ಲಿ ತಿರುಗಾಟಕ್ಕೆ ದಿನ ಗೊತ್ತಾಗಿತ್ತು. ಅದರ ಮುಂಚಿನ ದಿನ ನಂಗಲಿಯಲ್ಲಿ ಶಾಮಲಮ್ಮನ ದೊಡ್ಡಪ್ಪ ತೀರಿಕೊಂಡರು. ಹೋಗಿ ಮಣ್ಣು ಮುಗಿಸಿ ಸಂಜೆಗೆ ಬಂದಳು. ಅವಳ ತೌರಿನ ಕಡೆ ಕೊಟ್ಟ ಹೆಣ್ಣುಮಕ್ಕಳಿಗೂ ಮೂರು ದಿನ ಮೈಲಿಗೆ. ಹೊರಗಿನವರಿಗೆ ಅವಳು ಅಡಿಗೆ ಮಾಡೋ ಹಾಗಿಲ್ಲ, ದೇವರ ಜಾಗ ತುಳಿಯೋ ಹಾಗಿಲ್ಲ. ಮುಂದಕ್ಕೆ ಹಾಕು ಅಂದೆ. ಅವರೆಲ್ಲ ರಜಾ ಹಾಕಿ ಬರ್ತಾರೆ ಅಕ್ಕಯ್ಯ, ಏನಂತ ಹೇಳಲಿ ಅಂದ. ಕೊನೆಗೆ ಅಡಿಗೆಗೆ ನಾನು, ದಾರಿಗೆ ಅವಳು ಅಂತ ಆಯ್ತು. ಕರಿಗುಂಡು ಬೆಟ್ಟದ ಹೆಗಲ ಮೇಲೆ ಗಂಗಮ್ಮನ ಕಲ್ಲು ಇದೆ, ಅದನ್ನ ದಾಟಿಯೇ ಮೇಲೆ ಹೋಗಬೇಕು. ಅಲ್ಲಿಗೆ ಮಾತ್ರ ಅವಳು ಬರೋ ಹಾಗಿಲ್ಲ. ಅವನು ನಕ್ಕ. ಆ ಬೆಟ್ಟಕ್ಕೆ ನನಗೆ ಯಾರೂ ಬೇಕಿಲ್ಲ, ಅಪ್ಪನ ಹೆಗಲ ಮೇಲಿದ್ದಾಗಿಂದ ಹತ್ತೀನಿ, ಮೆಟ್ಟಿಲು ಮೆಟ್ಟಿಲೂ ಕಾಲಿಗೆ ಗೊತ್ತು ಅಂದ.

ಭಾನುವಾರ ಮಬ್ಬಿನಲ್ಲೇ ವ್ಯಾನು ಬಂತು. ಓಡಿಸೋನು ಮಾಲೂರಿನ ಚಂದ್ರು. ಸುಬ್ರಹ್ಮಣ್ಯ, ಅವರ ಮಗಳು ನಂದಿತಾ, ಇನ್ನೂ ಕೆಲವರು ಬೆಂಗಳೂರಿನವರು. ಬೆಂಗಳೂರಿನಿಂದ ಶುದ್ಧ ಮಾಡಿದ ನೀರು ನಮ್ಮ ಕಡೆ ಕೆರೆಗಳಿಗೆ ಬರೋಕೆ ಶುರುವಾದ ಮೇಲೆ ಹೋಳೂರಿನ ಕೆರೆ ಬೇಸಿಗೆಯಲ್ಲೂ ಒಣಗಿಲ್ಲ. ಮಂಜಿನೊಳಗಿಂದ ನಾಮದಕೋಳಿ, ಗುಳುಮುಳುಕ, ಬಾತು ಎಲ್ಲ ಒಟ್ಟಿಗೆ ಸಂತೆ ಮಾಡ್ತಿದ್ದವು. ಆಂಜಿನಪ್ಪ ಒಂದೊಂದನ್ನೇ ಬಿಡಿಸಿ ಹೇಳಿದ. ಏರಿ ಮೇಲೆ ಶಾಮಲಮ್ಮನ ಗೊಣಗಾಟ ನಡೀತಾನೇ ಇತ್ತು. ನಾನು ಅದನ್ನ ಕಣ್ಣಾರೆ ನೋಡಿದ್ದು ಅದೇ ಮೊದಲು. ನಗು ಬಂತು.

ತೋಪಿನಲ್ಲಿ ಹೂ ಬಿಡೋ ಹೊತ್ತು. ಬಿಸಿಲು ಇನ್ನೂ ಒಳಗೆ ಬಿದ್ದಿರಲಿಲ್ಲ. ಎರಡೇ ದನಿಯ ಒಂದು ಸಿಳ್ಳೆ ಕೇಳಿಸಿತು. ಇವನು ಕೈ ಎತ್ತಿದ, ಎಲ್ಲಾ ನಿಂತರು. ಆ ಬಾಗಿದ ಕೊಂಬೆ ಕೆಳಗೆ, ತರಗೆಲೆ ಮೇಲೆ, ನವರಂಗ ಅಂದ. ಎಲ್ಲರೂ ದುರ್ಬೀನು ಎತ್ತಿದರು. ಯಾರೋ ಆಹಾ ಅಂದರು. ನಾನೂ ನೋಡಿದೆ. ನನಗೆ ಎಲೆ ಕಂಡಿತು. ನನಗೆಲ್ಲಿ ಕಾಣಬೇಕು ಅಂದುಕೊಂಡೆ. ಕುರುಚಲು ಕಾಡಿನಲ್ಲಿ ಗೌಜಲಕ್ಕಿ ಕರೆದ, ಅದೂ ಉತ್ತರ ಕೊಟ್ಟಿತು. ಅಲ್ಲೂ ಎತ್ತಿದರು.

ಆವನಿ ದಾಟಿ ಬೆಟ್ಟದ ಪಡುವಣ ಬುಡಕ್ಕೆ ವ್ಯಾನು ನಿಂತಾಗ ಮಧ್ಯಾಹ್ನ. ಈ ಬದಿಯಿಂದ ಬೆಟ್ಟ ಎಂದಿನ ಹಾಗೇ ಇತ್ತು. ಹತ್ತಿ ಹೆಗಲಿಗೆ ಹೋದರೆ ಆ ಬದಿ ಎದುರಿಗೆ ದೊಡ್ಡ ಕರೀ ಗುಂಡು, ಅದರ ಬಿರುಕಿನಲ್ಲಿ ಕೊಂಬಿನ ಗೂಬೆ. ನಮ್ಮಪ್ಪನ ಕಾಲದಿಂದ ಅಲ್ಲೇ ಗೂಡು. ಅದನ್ನ ತೋರಿಸೋದು ತಿರುಗಾಟದ ಕೊನೆ. ನನಗೆ ಮಂಡಿ ನೋವು, ಒಲೆ ಬೇರೆ ಹೂಡಬೇಕು, ಕೆಳಗೇ ಉಳಿದೆ. ಶಾಮಲಮ್ಮ ಮೈಲಿಗೆ ಅಂತ ದೂರ ಹುಣಸೆಮರದ ಕೆಳಗೆ ಕೂತಳು. ಆಂಜಿನಪ್ಪ ಕೋಲು ಹಿಡಿದು ಮುಂದೆ ಹೊರಟ, ಚಂದ್ರುನೂ ಸೇರಿ ಉಳಿದವರೆಲ್ಲ ಹಿಂದೆ. ಎಲ್ಲೂ ಎಡವಲಿಲ್ಲ. ನೋಡು ವದಿನ, ನಾನಿಲ್ದಿದ್ರೂ ನಡೀತಾನೆ ಅಂತ ಅವಳು ಕೂಗಿ ಹೇಳಿದಳು. ಅದರಲ್ಲಿ ಸ್ವಲ್ಪ ಮುನಿಸೂ ಇತ್ತು.

ಮೇಲೆ ನಡೆದದ್ದನ್ನ ಚಂದ್ರು ಹೇಳಿದ. ಆಮೇಲೆ ನಂದಿತಾನೂ ಹೇಳಿದಳು. ಇಬ್ಬರದ್ದೂ ಒಂದೇ.

ಆ ಬದಿ ಬೆಟ್ಟವೇ ಇರಲಿಲ್ಲ. ಹಿಂದಿನ ಚಳಿಗಾಲದ ತಿರುಗಾಟ ಮುಗಿದ ಮೇಲೆ ಯಾರೋ ಕಲ್ಲು ಒಡೆಯೋಕೆ ಹಿಡಿದು ಮೂಡಣ ಮಗ್ಗುಲನ್ನೆಲ್ಲ ಕತ್ತರಿಸಿದ್ದರು. ಗಂಗಮ್ಮನ ಕಲ್ಲು ದಾಟಿ ನಾಲ್ಕು ಹೆಜ್ಜೆಗೆ ಅಂಚು. ಕೆಳಗೆ ಬಾವಿ ಹಾಗೆ ಆಳ, ಹಸಿರು ನೀರು ನಿಂತಿದೆ, ಯಂತ್ರಗಳು ಸುಮ್ಮನೆ ನಿಂತಿವೆ. ಭಾನುವಾರ ಆದ್ದರಿಂದ ಸದ್ದೇ ಇಲ್ಲ. ಸದ್ದಿದ್ದಿದ್ದರೆ ಇವನಿಗೆ ಬುಡದಲ್ಲೇ ತಿಳೀತಿತ್ತು. ಚಂದ್ರು ಹಿಂದಿನಿಂದ ಅವನ ಅಂಗಿ ಹಿಡಿದುಕೊಂಡ. ಯಾಕ್ಲಾ ಎಳೀತೀಯ, ಹಕ್ಕಿ ಹಾರಿಹೋಗುತ್ತೆ ಅಂತ ಆಂಜಿನಪ್ಪ ಅವನನ್ನೇ ಗದರಿದ. ಆಮೇಲೆ ದನಿ ತಗ್ಗಿಸಿ, ಬಯಲಿಗೆ ಕೈ ಚಾಚಿ ತೋರಿಸಿದ. ಎದುರಿಗೆ ಕರೀ ಗುಂಡು. ನಡುವೆ ಸುಣ್ಣ ಸುರಿದ ಹಾಗೆ ಬಿಳೀ ಪಟ್ಟೆ. ಅದರ ಮೇಲಿನ ಬಿರುಕಲ್ಲಿ ನೋಡಿ, ಕೂತಿರ್ತದೆ.

ಅವನ ಬೆರಳು ಮೊದಲು ಗುಂಡು ಇದ್ದ ಜಾಗಕ್ಕೇ, ಒಂದಿಷ್ಟೂ ಆಚೀಚೆ ಇಲ್ಲದೆ ಚಾಚಿತ್ತು ಅಂದಳು ನಂದಿತಾ. ಸುಬ್ರಹ್ಮಣ್ಯ ದುರ್ಬೀನು ಎತ್ತಿದರು. "ಹೌದು ಆಂಜಿನಪ್ಪ, ಕಾಣಿಸ್ತು. ಕೊಂಬು ನಿಮಿರಿಸಿಕೊಂಡು ಕೂತಿದೆ" ಅಂದರು. ಹಿಂದಿದ್ದ ಒಬ್ಬರು, ಎಷ್ಟು ದೊಡ್ಡದು ಅಂದರು.

ಅವನಿಗೆ ಖುಷಿಯಾಗಿ ಹೋಯ್ತು. ಇರಿ, ಮಾತಾಡಿಸ್ತೀನಿ ಅಂತ ಎರಡೂ ಕೈ ಬಾಯಿಗೆ ಹಿಡಿದು ಗೂಬೆಯ ಹಾಗೆ ಕೂಗಿದ. ನಾವು ಚಿಕ್ಕವರಿದ್ದಾಗ ಆ ಹೆಗಲ ಮೇಲೆ ನಿಂತು ಕೂಗಿದರೆ ಗುಂಡು ಅದನ್ನೇ ತಿರುಗಿ ಕೂಗೋದು. ಈಗ ತಿರುಗಿ ಬರಲಿಲ್ಲ. ಇನ್ನೊಂದು ಸಲ ಕೂಗಿದ. ಕಿವಿ ಆ ಕಡೆಗೂ ಈ ಕಡೆಗೂ ತಿರುಗಿಸಿದ. ಬಗ್ಗಿ, ತಡಕಿ, ಒಂದು ಕಲ್ಲು ತಗೊಂಡು ಮುಂದಕ್ಕೆ ಎಸೆದ. ಅದು ಬಹಳ ಹೊತ್ತು ಬಿದ್ದು, ಆಮೇಲೆ ನೀರಿನ ಸದ್ದು ಬಂತು.

ಆಮೇಲೆ ತಿರುಗಿ ಇಳಿಯೋಕೆ ಶುರು ಮಾಡಿದನಂತೆ. ಈ ಸಲ ಎರಡು ಕಡೆ ಎಡವಿದ. ಚಂದ್ರು ಕೈ ಹಿಡಿದರೆ ಬಿಡಿಸಿಕೊಳ್ಳಲಿಲ್ಲ.

ನಾನು ಚಿತ್ರಾನ್ನ ಕಲಸಿ ಇಟ್ಟಿದ್ದೆ. ಅವನು ಊಟ ಬೇಡ ಅಂತ ವ್ಯಾನಿನಲ್ಲಿ ಹೋಗಿ ಕೂತ. ಉಳಿದವರು ಎಲೆ ಮುಂದೆ ಕೂತು ತಲೆ ತಗ್ಗಿಸಿಕೊಂಡು ಉಂಡರು. ಚಂದ್ರು ನೀರು ಕೇಳೋ ನೆವದಲ್ಲಿ ಬಂದು ನಮಗಿಬ್ಬರಿಗೂ ವಿಷಯ ಹೇಳಿದ. ಶಾಮಲಮ್ಮ, ನಾನು ಹೋಗಿದ್ರೆ, ನಾನು ಹೋಗಿದ್ರೆ ಅಂತ ಅಷ್ಟೇ ಅಂದುಕೊಂಡಳು. ಹೋಗಿದ್ದರೆ ಏನು ಹೇಳಬಹುದಿತ್ತು? ಬೆಟ್ಟ ಇಲ್ಲ ಅನ್ನೋದನ್ನ ಗೊಣಗಾಟದಲ್ಲಿ ಹೇಗೆ ಹೇಳ್ತಾಳೆ?

ದಾರಿಯಲ್ಲಿ ಒಂದು ಕೆರೆ ಹತ್ತಿರ ವ್ಯಾನು ನಿಲ್ಲಿಸಿದರು. ಎಲ್ಲರೂ ಇಳಿದು ಹೋದರು. ಅವನು ಇಳಿಯಲಿಲ್ಲ. ಸುಬ್ರಹ್ಮಣ್ಯ ಹಿಂದಿರುಗಿ ಬಂದು ಬಾಗಿಲ ಹತ್ತಿರ ನಿಂತರು. ನಾನೂ ಶಾಮಲಮ್ಮನೂ ಹಿಂದಿನ ಸೀಟಿನಲ್ಲೇ ಇದ್ದೆವು.

"ಗುಂಡು ಇಲ್ಲ, ಅಲ್ಲವಾ ಸ್ವಾಮಿ?" ಅಂದ ಆಂಜಿನಪ್ಪ.

"ಇಲ್ಲ."

"ಗೂಬೆ ಕಂಡೆ ಅಂದ್ರಿ."

"ನಿನ್ನ ಮನಸ್ಸಿಗೆ ನೋವಾಗಬಾರದು ಅಂತ ಹೇಳಿದೆ."

"ನನಗೆ ಕಣ್ಣಿಲ್ಲ ಅಂತ ಯಾವಾಗಿಂದ ಗೊತ್ತು ನಿಮಗೆ?"

ಅವರು ಕೊರಳಿನ ದುರ್ಬೀನು ತೆಗೆದು ಸೀಟಿನ ಮೇಲಿಟ್ಟರು. ಕಣ್ಣು ಹೋದ ಮೊದಲ ವರ್ಷದ ತಿರುಗಾಟದಲ್ಲೇ ಗೊತ್ತಾಯ್ತು ಅಂದರು. "ನಾನೂ ಮುಳಬಾಗಿಲಿನವನು ಆಂಜಿನಪ್ಪ, ತೆಲುಗು ನನಗೂ ಬರುತ್ತೆ. ಹೆಂಗಸರು ಗಂಡನ್ನ ಬೈಯೋದು ನನಗೂ ಗೊತ್ತು. ಬೈಗುಳದಲ್ಲಿ ಅತ್ತೆ ಬರ್ತಾಳೆ, ನಾದಿನಿ ಬರ್ತಾಳೆ, ಸೀರೆ ಬರುತ್ತೆ. ಬರೀ ಕಲ್ಲು ಗುಂಡಿ ಹಿಡಿದು ಯಾವ ಹೆಂಡತಿ ಬೈತಾಳೆ ಹೇಳು?"

ಅವರು ನಗಿಸೋಕೆ ಅಂದಿದ್ದು. ಶಾಮಲಮ್ಮ ಸೆರಗು ಬಾಯಿಗೆ ಇಟ್ಟುಕೊಂಡಳು. ಆಂಜಿನಪ್ಪ ನಗಲಿಲ್ಲ.

"ಬೆಳಿಗ್ಗೆ ತೋಪಲ್ಲಿ ನವರಂಗ. ನೋಡಿದ್ರಾ?"

"ಕೂಗು ಕೇಳಿಸ್ತಲ್ಲ."

"ಕೂಗು ನನಗೂ ಕೇಳಿಸ್ತು. ನೋಡಿದ್ರಾ?"

ಅವರು ಕೆರೆ ಕಡೆ ತಿರುಗಿದರು.

"ಹೋದ ವರ್ಷ ಬಂಡೆ ಹತ್ತಿರ ಹಳದಿ ಕೊರಳಿನ ಪಿಕಳಾರ ತೋರಿಸಿದೆ. ಎಲ್ಲಾ ಸೇರಿ ನನ್ನ ಬೆನ್ನು ತಟ್ಟಿದ್ರಿ. ಅದು?"

"ಕೆಲವು ನೋಡಿದ್ವಿ ಆಂಜಿನಪ್ಪ. ಬಹಳಷ್ಟು ನೋಡಿದ್ವಿ. ಕೆಲವು ಸಲ ಎಲೆ ಅಡ್ಡ ಇರ್ತಿತ್ತು, ಕೆಲವು ಸಲ ನೀನು ಕೈ ತೋರಿಸೋ ಹೊತ್ತಿಗೆ ಹಾರಿಹೋಗಿರ್ತಿತ್ತು. ಆಗ ಸುಮ್ಮನೆ ಹೂಂ ಅಂದಿದ್ದೀವಿ."

"ಯಾವ್ಯಾವುದು ನೋಡಿದ್ರಿ, ಯಾವ್ಯಾವುದು ಇಲ್ಲ, ಅದನ್ನ ಹೇಳಿ."

ಸುಬ್ರಹ್ಮಣ್ಯ ಒಳ್ಳೆಯ ಮನುಷ್ಯ. ಇನ್ನೊಬ್ಬರಾಗಿದ್ದರೆ ಅಲ್ಲಿ ಇನ್ನೊಂದು ಸುಳ್ಳು ಸೇರಿಸೋರು. ಅವರು ವ್ಯಾನಿನ ಬಾಗಿಲಿಗೆ ಕೈ ಕೊಟ್ಟು ನಿಂತುಕೊಂಡು, "ಈಗ ನೆನಪಿಲ್ಲ" ಅಂದರು.

ಮನೆಗೆ ಬಂದ ಮೇಲೆ ಅವನು ಕೋಲು ಮೂಲೆಗೆ ಎಸೆದ. ಸುಳ್ಳು ಹೇಳಿದರು ಅಂದ. ಶಾಮಲಮ್ಮನಿಗೂ ಅಷ್ಟು ಹೊತ್ತಿನ ಸಂಕಟ ಸಿಟ್ಟಾಗಿ ತಿರುಗಿತು. "ನೀನು ಕಾಣದೇ ದುರ್ಬೀನು ಎತ್ತಿದೆ, ಅವರೂ ಎತ್ತಿದ್ರು. ಮೊದಲು ಎತ್ತಿದೋನು ಯಾರು?" ಅಂದಳು.

"ನಾನು ಸುಳ್ಳು ಮಾಡಿದ್ದು ಕಣ್ಣಿನ ವಿಷಯದಲ್ಲಿ ಕಣೇ. ಹಕ್ಕಿ ವಿಷಯದಲ್ಲಿ ಅಲ್ಲ. ಹಕ್ಕಿ ಇತ್ತು" ಅಂದ. ಅಂದು, ಅಲ್ಲೇ ನಿಂತ. ಬಾಯಿ ತೆರೆದದ್ದು ಹಾಗೇ ಇತ್ತು. ಇತ್ತು ಅನ್ನೋದಕ್ಕೆ ಈಗ ತನ್ನ ಹತ್ತಿರ ಏನಿದೆ ಅಂತ ಆಗ ಹೊಳೆದಿರಬೇಕು. ಗೋಡೆ ತಡಕಿಕೊಂಡು ಹೋಗಿ ಚಾಪೆ ಮೇಲೆ ಕೂತ.

ಅವನ ಕಷ್ಟ ನನಗೆ ನಿಧಾನವಾಗಿ ಅರ್ಥವಾಯ್ತು. ಕಣ್ಣು ಹೋದಾಗ ಅವನಿಗೆ ಕಿವಿ ಉಳಿದಿತ್ತು. ಕಿವಿ ಸರಿಯಿದೆ ಅಂತ ಅವನಿಗೆ ಹೇಳೋರು ಆ ಜನ. ಅವನು ಕೈ ತೋರಿಸೋನು, ಅವರು ಕಂಡೆ ಅನ್ನೋರು, ಅಷ್ಟರಲ್ಲಿ ಅವನು ಇನ್ನೂ ಆಂಜಿನಪ್ಪ. ಎಷ್ಟು ಸಲ ಸರಿ ಇದ್ದ, ಎಷ್ಟು ಸಲ ಬರೀ ಎಲೆ ತೋರಿಸಿದ, ಇನ್ನು ಯಾರೂ ಹೇಳಲಾರರು. ಎಲ್ಲಾ ಸುಳ್ಳು ಅಂತ ತಿಳಿದಿದ್ದರೂ ಒಂದು ದಿನ ಅತ್ತು ಸುಮ್ಮನಾಗ್ತಿದ್ದ. ಒಳ್ಳೆಯದು ಕೆಟ್ಟದ್ದು ಬೆರೆತು ಹೋಯ್ತು. ರಾಗಿಯಲ್ಲಿ ಮರಳು ಸೇರಿದರೆ ಕೇರಬಹುದು. ಇದನ್ನ ಕೇರೋ ಮೊರ ಇಲ್ಲ.

ಶಿವರಾತ್ರಿ ಕಳೆದ ಮೇಲೆ ಸುಬ್ರಹ್ಮಣ್ಯ ಮನೆಗೇ ಬಂದರು, ನಂದಿತಾ ಜೊತೆ. ಇನ್ನು ಮುಚ್ಚುಮರೆ ಬೇಡ, ಕಣ್ಣಿಲ್ಲ ಅಂತಲೇ ಬಾ, ನೀನು ಕೇಳಿ ಹೇಳು, ನಾವು ಕಂಡರೆ ಕಂಡೆವು ಅಂತೀವಿ, ಇಲ್ಲದಿದ್ದರೆ ಇಲ್ಲ ಅಂತೀವಿ ಅಂದರು. ಆಂಜಿನಪ್ಪ ಅವರನ್ನ ಮರ್ಯಾದೆಯಿಂದಲೇ ಕೂರಿಸಿದ. ಕಾಫಿ ಕುಡಿಸಿದ. ಆಮೇಲೆ, ಈಗ ನೀವು ಕಂಡೆ ಅಂದರೂ ನನಗೆ ನಂಬಿಕೆ ಬರೋದಿಲ್ಲ ಸ್ವಾಮಿ ಅಂದ. ಅವರು ಲೋಟ ಕೆಳಗಿಟ್ಟು ಎದ್ದರು. ನಂದಿತಾ ಹೊರಗೆ ಬಂದು ನನ್ನ ಹತ್ತಿರ ಅತ್ತಳು. ನಾವು ಒಳ್ಳೇದಕ್ಕೇ ಮಾಡಿದ್ದು ಅಜ್ಜಿ ಅಂದಳು. ಹೌದಮ್ಮ, ಒಳ್ಳೇದಕ್ಕೇ ಅಂದೆ. ಬೇರೆ ಏನು ಅನ್ನಲಿ?

ಈಗ ಅವನು ಹಿತ್ತಲ ಕಡೆ ಕೂತಿರ್ತಾನೆ. ಅವರೆಕಾಯಿ ಕೊಟ್ಟರೆ ಬಿಡಿಸ್ತಾನೆ, ಹುಣಸೆಹಣ್ಣು ಕೊಟ್ಟರೆ ಬೀಜ ತೆಗೀತಾನೆ. ಹಕ್ಕಿ ಹೆಸರು ಬಾಯಲ್ಲಿ ಬರೋದಿಲ್ಲ. ಮೊದಲು ನುಗ್ಗೆ ಮರದಲ್ಲಿ ಏನಾದರೂ ಕೂಗಿದರೆ ಅದು ಏನು, ಯಾಕೆ ಕೂಗ್ತಿದೆ ಅಂತ ಕೇಳದಿದ್ದರೂ ಹೇಳೋನು. ಈಗ ಕೂಗಿದರೆ ಕೈಕೆಲಸ ನಿಲ್ಲಿಸಿ, ಮರದಲ್ಲಿ ಏನಾದರೂ ಐತಾ ಅಕ್ಕಯ್ಯ ಅಂತ ಮೆಲ್ಲಗೆ ಕೇಳ್ತಾನೆ. ನಾನು ಎದ್ದು ಮರದ ಬುಡದವರೆಗೂ ಹೋಗಿ, ಕತ್ತೆತ್ತಿ ಚೆನ್ನಾಗಿ ನೋಡ್ತೀನಿ. ಇದ್ದರೆ ಇದೆ ಅಂತೀನಿ. ಕಾಣದಿದ್ದರೆ ಕಾಣಲಿಲ್ಲ ಅಂತೀನಿ. ಅವನು ಎರಡಕ್ಕೂ ಒಂದೇ ಥರ ಹೂಂ ಅಂದು ಮತ್ತೆ ಅವರೆಕಾಯಿಗೆ ಕೈ ಹಾಕ್ತಾನೆ.